"ಇಲ್ಲ ಮಿಸ್, ಡೌಟ್ ಇಲ್ಲ": ಡಿಗ್ರಿ ಮೊದಲ ವರ್ಷದ ಮಕ್ಕಳಿಗೆ ಕಾಲೇಜಿನಲ್ಲಿ ಸಿಗುವ ಓದಿನ ನೆರವು

ಮೊದಲ ಇಂಟರ್ನಲ್‌ನ ಬ್ಲೂ ಬುಕ್ ವಾಪಸ್ ಕೊಡುವ ದಿನ ಫಸ್ಟ್ ಇಯರ್ ಕ್ಲಾಸಿನಲ್ಲಿ ಸದ್ದೇ ಇರುವುದಿಲ್ಲ. ಎರಡು ವರ್ಷದ ಹಿಂದಿನ ಮಾತು. ಶ್ರೀರಂಗಪಟ್ಟಣದ ಆಚೆಯ ಒಂದು ಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ಹುಡುಗಿ. ಪಿಯುಸಿಯಲ್ಲಿ 88 ಪರ್ಸೆಂಟ್ ತೆಗೆದವಳು. ಬ್ಲೂ ಬುಕ್ ಬಿಚ್ಚಿ ನೋಡಿದಳು. 20ಕ್ಕೆ 5. ಸೈನ್ ಮಾಡಿ, ಎಲ್ಲರಿಗಿಂತ ಮೊದಲು ತಂದು ನನ್ನ ಮೇಜಿನ ಮೇಲಿಟ್ಟಳು. ಮಾರ್ಕ್ಸ್ ಬರೆದಿದ್ದ ಮಗ್ಗುಲು ಕೆಳಗೆ.

"ಏನಮ್ಮಾ, ಡೌಟ್ ಏನಾದ್ರೂ ಇದ್ಯಾ?" ಅಂದೆ.

"ಇಲ್ಲ ಮಿಸ್, ಡೌಟ್ ಇಲ್ಲ."

ನಾನು ಮೈಸೂರಿನ ಒಂದು ಕ್ರೈಸ್ತ ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತೇನೆ. ಫಸ್ಟ್ ಇಯರ್ ಮಕ್ಕಳಿಗೆ ಮೆಂಟರ್ ಕೂಡ, ಅಂದರೆ ಅವರ ಓದು, ಕಷ್ಟಸುಖ ವಿಚಾರಿಸಿಕೊಳ್ಳುವ ಮೇಷ್ಟ್ರು. ಮಂಡ್ಯ, ಪಾಂಡವಪುರ, ಕೆ.ಆರ್. ಪೇಟೆ, ಟಿ. ನರಸೀಪುರ, ಹುಣಸೂರು ಕಡೆಯ ಮಕ್ಕಳೇ ನಮ್ಮಲ್ಲಿ ಜಾಸ್ತಿ. ಅವರಿಗೆ ಕಾಲೇಜಿನಲ್ಲಿ ನೆರವು ಇಲ್ಲ ಅಂತಲ್ಲ. ಬ್ರಿಡ್ಜ್ ಕೋರ್ಸ್ ಇದೆ, ಮೆಂಟರ್ ಇದ್ದಾರೆ, ರೆಮಿಡಿಯಲ್ ಕ್ಲಾಸ್ ಇದೆ, ಕೌನ್ಸೆಲರ್ ಇದ್ದಾರೆ. ಆದರೆ ಇದೆಲ್ಲ ದಡ್ಡರಿಗೆ ಅನ್ನುವ ನಂಬಿಕೆ ಮಕ್ಕಳಲ್ಲಿ ಗಟ್ಟಿಯಾಗಿ ಕೂತಿದೆ. ಎಷ್ಟೋ ಅಪ್ಪ ಅಮ್ಮಂದಿರಲ್ಲೂ, ನಮ್ಮಂಥ ಮೇಷ್ಟ್ರುಗಳಲ್ಲೂ ಇದೆ. ನೆರವು ಇರುವುದು ಪೇಪರ್ ಕಷ್ಟ ಇದೆ ಅಂತ. ಹುಡುಗ ದಡ್ಡ ಅಂತ ಅಲ್ಲ. ಇದನ್ನೇ ಸ್ವಲ್ಪ ಬಿಡಿಸಿ ಹೇಳಬೇಕು ಅಂತ ಬಹಳ ದಿನದಿಂದ ಅನ್ನಿಸುತ್ತಿತ್ತು.

ಪಿಯುಸಿ ಮಾರ್ಕ್ಸ್ ಇಲ್ಲಿ ಯಾಕೆ ಬರುವುದಿಲ್ಲ

ಪಿಯುಸಿಯಲ್ಲಿ ನಿಗದಿ ಮಾಡಿದ ಒಂದು ಪಠ್ಯಪುಸ್ತಕ ಇರುತ್ತದೆ. ಯಾವ ಅಧ್ಯಾಯದಿಂದ ಎಷ್ಟು ಮಾರ್ಕ್ಸ್ ಅನ್ನುವುದು ಗೊತ್ತಿರುತ್ತದೆ. ಹಳೇ ಕ್ವೆಶ್ಚನ್ ಪೇಪರ್ ಐದು ತಿರುವಿ ಹಾಕಿದರೆ ಅರ್ಧ ಪರೀಕ್ಷೆ ಕಣ್ಣಮುಂದೆ ಬರುತ್ತದೆ. ಡಿಗ್ರಿಯಲ್ಲಿ ಸಿಲಬಸ್ ಅಂತ ಒಂದು ಹಾಳೆ ಕೊಡುತ್ತಾರೆ. ಅದರ ಕೆಳಗೆ ನಾಲ್ಕೈದು ಪುಸ್ತಕದ ಹೆಸರು. ಯಾವ ಪುಸ್ತಕದ ಯಾವ ಪುಟ ಅಂತ ಹುಡುಕಿಕೊಳ್ಳುವುದು ನಮ್ಮ ಕೆಲಸ ಅಂತ ಮಗುವಿಗೆ ಯಾರೂ ಹೇಳಿರುವುದಿಲ್ಲ.

ಇನ್ನೊಂದು, ಕ್ರೆಡಿಟ್ ಲೆಕ್ಕ. ಅಡ್ಮಿಶನ್ ದಿನ ಈ ಪದ ಎಲ್ಲರ ಕಿವಿಗೂ ಬೀಳುತ್ತದೆ, ತಲೆಗೆ ಹೋಗುವುದಿಲ್ಲ. 2023ರ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನ ಪ್ರಕಾರ ಒಂದು ವರ್ಷಕ್ಕೆ 1200 ಗಂಟೆ ಕಲಿಕೆ, ಅದಕ್ಕೆ 40 ಕ್ರೆಡಿಟ್. ಅಂದರೆ ಒಂದು ಕ್ರೆಡಿಟ್‌ಗೆ 30 ಗಂಟೆ. ಕ್ಲಾಸಿನಲ್ಲಿ ಕೂತು ಪಾಠ ಕೇಳುವ ಪೇಪರಿನಲ್ಲಿ ಒಂದು ಕ್ರೆಡಿಟ್ ಅಂದರೆ ವಾರಕ್ಕೆ ಒಂದು ಗಂಟೆ ಪಾಠ, ಸೆಮಿಸ್ಟರ್‌ಗೆ ಸುಮಾರು 15 ಗಂಟೆ. ಉಳಿದ 15 ಗಂಟೆ ಎಲ್ಲಿ ಹೋಯಿತು? ಅದು ಮಗು ತಾನೇ ಓದಬೇಕಾದ ಹೊತ್ತು. 4 ಕ್ರೆಡಿಟ್‌ನ ಪೇಪರ್ ಇದ್ದರೆ ಕ್ಲಾಸಿನಲ್ಲಿ 60 ಗಂಟೆ, ಕ್ಲಾಸಿನ ಹೊರಗೆ ಇನ್ನೂ 60 ಗಂಟೆ. ಪಾಠ ಕೇಳಿದರೆ ಅರ್ಧ ಕೋರ್ಸ್ ಮುಗಿಯಿತು ಅಷ್ಟೇ. ನೆರವಿನ ವ್ಯವಸ್ಥೆ ಅನ್ನುವುದು ಈ ಇನ್ನರ್ಧಕ್ಕೆ ಇರುವ ಊರುಗೋಲು.

ಸೀನಿಯರ್ ನೋಟ್ಸ್ ಬಗ್ಗೆಯೂ ಒಂದು ಮಾತು. ನಮ್ಮ ರಾಜ್ಯದಲ್ಲಿ 2021-22ರಿಂದ ರಾಷ್ಟ್ರೀಯ ಶಿಕ್ಷಣ ನೀತಿಯ ಸಿಲಬಸ್ ಬಂತು. 2024-25ರಿಂದ ಮತ್ತೆ ಮೂರು ವರ್ಷದ ಡಿಗ್ರಿಗೆ ವಾಪಸ್ ಬಂದೆವು, ಸಿಲಬಸ್ಸೂ ಮತ್ತೆ ಬದಲಾಯಿತು. ಹಾಗಾಗಿ ಕೈಗೆ ಸಿಕ್ಕ ಝೆರಾಕ್ಸ್ ನೋಟ್ಸ್ ಯಾವ ವರ್ಷದ್ದು ಅಂತ ನೋಡದೆ ಓದಿದರೆ ಇಲ್ಲದ ಪಾಠವನ್ನು ಓದಿ, ಇರುವ ಪಾಠವನ್ನು ಬಿಡುವ ಹಾಗಾಗುತ್ತದೆ. ಇಂಥ ನೋಟ್ಸ್ ನಂಬಿ ಎಡವಿದವರನ್ನು ನಾನೇ ಕಂಡಿದ್ದೇನೆ.

ಪೆನ್ಸಿಲ್ ತುಂಬಿದ ಪುಟ

ಇದೆಲ್ಲಕ್ಕಿಂತ ದೊಡ್ಡ ಗೋಡೆ ಇಂಗ್ಲಿಷ್.

ಆ ಹುಡುಗಿಯ ವಿಷಯಕ್ಕೆ ಬರುತ್ತೇನೆ. ಎರಡು ದಿನ ಬಿಟ್ಟು ಅವಳನ್ನು ಸ್ಟಾಫ್ ರೂಮಿಗೆ ಕರೆದು, "ಮಾರ್ಕ್ಸ್ ಬಿಡು, ನಿನ್ನ ಪುಸ್ತಕ ತೋರಿಸು" ಅಂದೆ. ಬೇಡಿಕೆಯ ಪಾಠದ ಪುಟ. ಒಂದೊಂದು ಇಂಗ್ಲಿಷ್ ಪದದ ತಲೆಯ ಮೇಲೂ ಸಣ್ಣ ಅಕ್ಷರದಲ್ಲಿ ಪೆನ್ಸಿಲಿನಿಂದ ಕನ್ನಡ ಅರ್ಥ. ಸಾಲು ಸಾಲಿಗೂ. 'ಎಲಾಸ್ಟಿಸಿಟಿ' ಪದದ ಮೇಲೆ 'ಸ್ಥಿತಿಸ್ಥಾಪಕತ್ವ' ಅಂತ ಬರೆದು, ಅದು ಹಿಡಿಸದೆ ಅಳಿಸಿ, ಮತ್ತೆ ಅದನ್ನೇ ಬರೆದಿದ್ದಳು. ಕಾಗದ ಅಲ್ಲಿ ತೆಳ್ಳಗಾಗಿತ್ತು. ಒಂದು ಪುಟಕ್ಕೆ ಒಂದೂವರೆ ಗಂಟೆ ಹಿಡಿಯುತ್ತಿತ್ತಂತೆ. ಇವಳನ್ನು ಓದುವುದಿಲ್ಲ ಅನ್ನಲಾದೀತಾ? ಕ್ಲಾಸಿನಲ್ಲಿ ಇವಳಷ್ಟು ಹೊತ್ತು ಕೂತು ಓದಿದವರು ಇನ್ನೊಬ್ಬರು ಇರಲಿಲ್ಲ.

ಅವರ ಮನೆಯಲ್ಲಿ ಹೂವು ಬೆಳೆಯುತ್ತಾರೆ ಅಂತ ಗೊತ್ತಿತ್ತು. "ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಮಲ್ಲಿಗೆ ರೇಟ್ ಏನಾಗುತ್ತೆ?" ಅಂತ ಕೇಳಿದೆ.

"ಡಬಲ್ ಆಗುತ್ತೆ ಮಿಸ್. ಎಷ್ಟು ಹೇಳಿದ್ರೂ ತಗೋತಾರೆ."

"ಹಬ್ಬ ಆದ ಮಾರನೇ ದಿನ ಅದೇ ರೇಟ್ ಹೇಳಿದ್ರೆ?"

"ಯಾರೂ ತಿರುಗಿ ಸಹ ನೋಡಲ್ಲ."

ಅದೇ ಎಲಾಸ್ಟಿಸಿಟಿ. ರೇಟ್ ಏರಿದರೆ ಕೊಳ್ಳುವವರು ಎಷ್ಟು ಹಿಂದೆ ಸರಿಯುತ್ತಾರೆ ಅನ್ನುವುದರ ಅಳತೆ. ಹಬ್ಬದ ದಿನ ಸರಿಯುವುದಿಲ್ಲ, ಬೇಡಿಕೆ ಜಗ್ಗುವುದಿಲ್ಲ. ಮಾರನೇ ದಿನ ಸಟ್ಟನೆ ಜಗ್ಗುತ್ತದೆ. ಹೂವು ಅದೇ, ದಿನ ಬೇರೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಉಪ್ಪು ಯಾವಾಗಲೂ ಹಬ್ಬದ ಥರನೇ ಅಲ್ವಾ ಮಿಸ್?" ಅಂದಳು. ನಾನು ಕ್ಲಾಸಿನಲ್ಲಿ ಅರ್ಧ ಗಂಟೆ ಹೇಳಿದ್ದನ್ನು ಅವಳು ಒಂದೇ ಸಾಲಿನಲ್ಲಿ ಹೇಳಿಬಿಟ್ಟಳು. ಉಪ್ಪಿನ ರೇಟ್ ಏರಿದರೂ ಯಾರೂ ಸಾರಿಗೆ ಉಪ್ಪು ಕಡಿಮೆ ಹಾಕುವುದಿಲ್ಲ.

ಭಾಷೆಯ ನೆರವು ಅಂದರೆ ಇದು. ಸ್ಪೋಕನ್ ಇಂಗ್ಲಿಷ್ ಕ್ಲಾಸ್ ಬೇಡ ಅನ್ನುವುದಿಲ್ಲ, ಅದರ ಕೆಲಸ ಬೇರೆ. ಮೊದಲು ವಿಷಯ ತಲೆಯಲ್ಲಿ ಕನ್ನಡದಲ್ಲಿ ಕೂರಬೇಕು, ಆಮೇಲೆ ಅದನ್ನು ಇಂಗ್ಲಿಷಿನಲ್ಲಿ ಬರೆಯುವ ಹತ್ತು ವಾಕ್ಯ ಕಲಿಯಬೇಕು. ಎರಡನ್ನೂ ಒಟ್ಟಿಗೆ ಮಾಡಹೋದರೆ ಎರಡೂ ಕೆಡುತ್ತವೆ. ಜುಲೈ ಆಗಸ್ಟಿನಲ್ಲಿ ನಡೆಯುವ ಬ್ರಿಡ್ಜ್ ಕೋರ್ಸ್ ಇರುವುದೇ ಇದಕ್ಕೆ. ಪಾಠ ಶುರುವಾಗುವ ಮೊದಲು ಪಿಯುಸಿಗೂ ಡಿಗ್ರಿಗೂ ನಡುವೆ ಒಂದು ಸೇತುವೆ. "ಅಟೆಂಡೆನ್ಸ್ ತಗೊಳ್ಳಲ್ವಂತೆ" ಅಂತ ಅರ್ಧ ಮಕ್ಕಳು ಆ ವಾರ ಬರುವುದೇ ಇಲ್ಲ. ದಯವಿಟ್ಟು ಬನ್ನಿ. ಇಡೀ ವರ್ಷದಲ್ಲಿ ಮಾರ್ಕ್ಸಿನ ಭಯ ಇಲ್ಲದೆ ಪ್ರಶ್ನೆ ಕೇಳಬಹುದಾದ ವಾರ ಅದೊಂದೇ.

ಒಬ್ಬರೇ ಓದುವುದು, ಜೊತೆಗೆ ಓದುವುದು

ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ 1970ರ ದಶಕದಲ್ಲಿ ಊರಿ ಟ್ರೈಸ್‌ಮನ್ ಅನ್ನುವ ಗಣಿತದ ಮೇಷ್ಟ್ರಿಗೆ ಒಂದು ಪ್ರಶ್ನೆ ಕಾಡಿತು. ಕ್ಯಾಲ್ಕುಲಸ್‌ನಲ್ಲಿ ಕಪ್ಪು ವಿದ್ಯಾರ್ಥಿಗಳು ಯಾಕೆ ಅಷ್ಟು ಜಾಸ್ತಿ ಫೇಲ್ ಆಗುತ್ತಿದ್ದಾರೆ, ಚೀನೀ ಮೂಲದ ವಿದ್ಯಾರ್ಥಿಗಳು ಯಾಕೆ ಚೆನ್ನಾಗಿ ಮಾಡುತ್ತಿದ್ದಾರೆ? ಓದುವ ಮನಸ್ಸಿಲ್ಲ, ಮನೆಯಲ್ಲಿ ಪ್ರೋತ್ಸಾಹವಿಲ್ಲ, ಬಡತನ ಅಂತೆಲ್ಲ ಜನ ಹೇಳುತ್ತಿದ್ದರು. ಅವರು ಮಕ್ಕಳ ಜೊತೆಯಲ್ಲೇ ಓಡಾಡಿ ನೋಡಿದರು. ಆ ಯಾವ ಕಾರಣವೂ ನಿಲ್ಲಲಿಲ್ಲ. ಕಂಡ ವ್ಯತ್ಯಾಸ ಇದು: ಕಪ್ಪು ವಿದ್ಯಾರ್ಥಿಗಳು ಬಾಗಿಲು ಹಾಕಿಕೊಂಡು ಒಬ್ಬೊಬ್ಬರೇ ಓದುತ್ತಿದ್ದರು. ಚೀನೀ ಮೂಲದವರು ಒಬ್ಬರೇ ಓದಿ, ಆಮೇಲೆ ಒಟ್ಟಿಗೆ ಕೂತು ಒಬ್ಬರ ಲೆಕ್ಕ ಇನ್ನೊಬ್ಬರು ತಿದ್ದುತ್ತಿದ್ದರು. ಎಲ್ಲಿ ತಪ್ಪಿದೆ ಅಂತ ಪರೀಕ್ಷೆಗೆ ಮೊದಲೇ ಅವರಿಗೆ ಗೊತ್ತಾಗುತ್ತಿತ್ತು.

ಟ್ರೈಸ್‌ಮನ್ ಆಮೇಲೆ ಮಾಡಿದ್ದು ನನಗೆ ಇನ್ನೂ ಇಷ್ಟ. ಹಿಂದುಳಿದವರಿಗೆ ಸುಲಭದ ಲೆಕ್ಕ ಕೊಡುವ ರೆಮಿಡಿಯಲ್ ಕ್ಲಾಸ್ ಅವರು ಮಾಡಲಿಲ್ಲ. ಗುಂಪಿನಲ್ಲಿ ಕೂರಿಸಿ, ಕ್ಲಾಸಿಗಿಂತ ಕಷ್ಟದ ಲೆಕ್ಕ ಕೊಟ್ಟರು. ನೀವು ಕೈಲಾಗದವರು ಅಂತ ಕರೆದಿಲ್ಲ, ಮುಂದೆ ಹೋಗುವವರು ಅಂತ ಕರೆದಿದ್ದೇವೆ ಅನ್ನುವ ಹಾಗೆ. ಮಕ್ಕಳು ಏರಿದರು.

ಹೆಚ್ಚು ಕಡಿಮೆ ಅದೇ ಕಾಲಕ್ಕೆ, 1973ರಲ್ಲಿ, ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿರುವ ಮಿಸೌರಿ ವಿಶ್ವವಿದ್ಯಾಲಯದಲ್ಲಿ ಡೀನಾ ಮಾರ್ಟಿನ್ ಅನ್ನುವವರು 'ಸಪ್ಲಿಮೆಂಟಲ್ ಇನ್‌ಸ್ಟ್ರಕ್ಷನ್' ಅನ್ನುವ ಪದ್ಧತಿ ಶುರು ಮಾಡಿದರು. ಇವತ್ತು ಕ್ರೈಸ್ತ ವಿಶ್ವವಿದ್ಯಾಲಯಗಳೂ ಸೇರಿ ಎಷ್ಟೋ ಕಡೆ ಫಸ್ಟ್ ಇಯರ್‌ಗೆ ಇದನ್ನೇ ಬಳಸುತ್ತಾರೆ. ಇದರ ಗುಟ್ಟು ಬಹಳ ಸರಳ. ದುರ್ಬಲ ಹುಡುಗ ಯಾರು ಅಂತ ಹುಡುಕುವುದಿಲ್ಲ. ಜಾಸ್ತಿ ಜನ ಫೇಲ್ ಆಗುವ ಪೇಪರ್ ಯಾವುದು ಅಂತ ಹುಡುಕುತ್ತಾರೆ. ಆ ಪೇಪರ್ ಚೆನ್ನಾಗಿ ಪಾಸ್ ಮಾಡಿದ ಸೀನಿಯರ್ ಒಬ್ಬರು ಮತ್ತೆ ಅದೇ ಕ್ಲಾಸಿಗೆ ಬಂದು ಕೂರುತ್ತಾರೆ. ಆಮೇಲೆ ವಾರಕ್ಕೆ ಎರಡೋ ಮೂರೋ ಸಲ, ಬರಬೇಕು ಅನ್ನಿಸಿದ ಎಲ್ಲರನ್ನೂ ಕೂರಿಸಿಕೊಳ್ಳುತ್ತಾರೆ. ಟಾಪರ್ ಬಂದರೂ ಸರಿ. ಆ ಸೀನಿಯರ್ ಮತ್ತೆ ಪಾಠ ಮಾಡುವುದಿಲ್ಲ. ಪ್ರಶ್ನೆ ಕೇಳುತ್ತಾರೆ, ಮಕ್ಕಳ ಬಾಯಿಂದ ಹೇಳಿಸುತ್ತಾರೆ.

ನಾವು ಇದನ್ನು ನಮ್ಮ ಅಳತೆಗೆ ಇಳಿಸಿಕೊಂಡಿದ್ದೇವೆ. ಗುರುವಾರ ಊಟದ ಬ್ರೇಕಿನಲ್ಲಿ, ಡಬ್ಬಿ ಬಿಚ್ಚಿಕೊಂಡೇ, ಫಸ್ಟ್ ಸೆಮ್ ಸ್ಟ್ಯಾಟಿಸ್ಟಿಕ್ಸ್ ಪೇಪರಿಗೆ ಒಂದು ಗುಂಪು. ಯಾರ ಹೆಸರೂ ಬರೆದುಕೊಳ್ಳುವುದಿಲ್ಲ. ಮಲ್ಲಿಗೆ ಲೆಕ್ಕ ಹೇಳಿದ ಹುಡುಗಿ ಈಗ ಥರ್ಡ್ ಇಯರ್, ಈ ಗುಂಪನ್ನು ಅವಳೇ ನೋಡಿಕೊಳ್ಳುತ್ತಾಳೆ. ಪುಸ್ತಕ ಮುಚ್ಚಿಸಿ, "ನಿನ್ನೆ ಮಿಸ್ ಹೇಳಿದ್ದು ಏನು, ನಿನ್ನ ಮಾತಲ್ಲಿ ಹೇಳು" ಅನ್ನುತ್ತಾಳೆ.

ಪುಸ್ತಕ ಮುಚ್ಚಿಸುವುದು ಸುಮ್ನೆ ಅಲ್ಲ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ಮಾಡಿದರು. ಒಂದು ಗುಂಪು ಪಾಠವನ್ನು ಮತ್ತೆ ಮತ್ತೆ ಓದಿತು. ಇನ್ನೊಂದು ಗುಂಪು ಓದಿ, ಮುಚ್ಚಿಟ್ಟು, ನೆನಪಿದ್ದಷ್ಟು ಬರೆಯಿತು. ಐದು ನಿಮಿಷ ಬಿಟ್ಟು ಪರೀಕ್ಷೆ ಮಾಡಿದಾಗ ಮತ್ತೆ ಓದಿದವರು ಮುಂದಿದ್ದರು. ಒಂದು ವಾರ ಬಿಟ್ಟು ಮಾಡಿದಾಗ ಮುಚ್ಚಿಟ್ಟು ಬರೆದವರು ಮುಂದಿದ್ದರು. ಓದುತ್ತಾ ಇದ್ದರೆ ಬಂತು ಅನ್ನಿಸುತ್ತದೆ, ಬಂದಿರುವುದಿಲ್ಲ. ಮುಚ್ಚಿಟ್ಟಾಗ ಕೈ ನಡುಗುತ್ತದಲ್ಲ, ಅಲ್ಲೇ ಕಲಿಕೆ ಆಗುವುದು.

ನೋಟಿಸ್ ಬೋರ್ಡಿನ ಪಟ್ಟಿ

ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಯ ಮಾನ್ಯತೆಗೆ ಕಾಲೇಜುಗಳು ವರದಿ ಕೊಡಬೇಕಲ್ಲ, ಅದರಲ್ಲಿ ನಿಧಾನವಾಗಿ ಕಲಿಯುವವರನ್ನು ಹೇಗೆ ಗುರುತಿಸುತ್ತೀರಿ, ಅವರಿಗೆ ಏನು ಮಾಡುತ್ತೀರಿ, ಒಬ್ಬ ಮೆಂಟರ್‌ಗೆ ಎಷ್ಟು ಮಕ್ಕಳು ಅನ್ನುವ ಪ್ರಶ್ನೆಗಳು ಇದ್ದವು. ಉದ್ದೇಶ ಒಳ್ಳೆಯದೇ. ಆದರೆ 'ಸ್ಲೋ ಲರ್ನರ್' ಅನ್ನುವ ಪದ ಫಾರ್ಮಿನಿಂದ ಇಳಿದು ಕಾರಿಡಾರಿಗೆ ಬಂತು. ನಾನು ಮೊದಲು ಕೆಲಸ ಮಾಡಿದ ಒಂದು ಕಾಲೇಜಿನಲ್ಲಿ ಇಂಟರ್ನಲ್ ಆದ ಮಾರನೇ ದಿನ 'ಸ್ಲೋ ಲರ್ನರ್ಸ್' ಅಂತ ತಲೆಬರಹ ಹಾಕಿ 32 ಹೆಸರಿನ ಪಟ್ಟಿ ಅಂಟಿಸಿದರು. ಸಂಜೆ ನಾಲ್ಕೂವರೆಗೆ ರೆಮಿಡಿಯಲ್ ಕ್ಲಾಸ್. ನಾಲ್ಕು ಗಂಟೆಗೆ ಹಳ್ಳಿ ಬಸ್. ಅದು ತಪ್ಪಿದರೆ ಮುಂದಿನದು ಆರೂವರೆಗೆ. ಮೊದಲ ದಿನ ಒಂಬತ್ತು ಮಕ್ಕಳು ಬಂದರು. ಎರಡನೇ ದಿನ ಮೂವರು. ಮಕ್ಕಳಿಗೆ ಆಸಕ್ತಿ ಇಲ್ಲ ಅಂತ ಮೀಟಿಂಗಿನಲ್ಲಿ ಬರೆದುಕೊಂಡರು. ನಾನೂ ಅಲ್ಲೇ ಕೂತಿದ್ದೆ. ಬಸ್ಸಿನ ವಿಷಯ ಹೇಳಬೇಕಿತ್ತು. ಹೇಳಲಿಲ್ಲ. ಅದು ನನ್ನನ್ನು ಇವತ್ತಿಗೂ ಕೊರೆಯುತ್ತದೆ.

ಈಗ ಯಾರೇ ಕೇಳಿದರೂ ಎರಡೇ ಮಾತು ಹೇಳುತ್ತೇನೆ. ಪಟ್ಟಿ ಅಂಟಿಸಬೇಡಿ. ನೆರವಿನ ಕ್ಲಾಸನ್ನು ಟೈಮ್‌ಟೇಬಲ್ ಒಳಗೇ ಇಡಿ. 2023ರ ಜೂನಿನಿಂದ ಶಕ್ತಿ ಯೋಜನೆ ಬಂದು ಹೆಣ್ಣುಮಕ್ಕಳಿಗೆ ಬಸ್ ಚಾರ್ಜಿನ ಚಿಂತೆ ಹೋಗಿದೆ, ಬಸ್ಸಿನ ಹೊತ್ತಿನ ಚಿಂತೆ ಹೋಗಿಲ್ಲ.

ಅಟೆಂಡೆನ್ಸ್ ಲೆಕ್ಕವೂ ಇಲ್ಲೇ ಸೇರುತ್ತದೆ. ಸಾಮಾನ್ಯವಾಗಿ ಪ್ರತಿ ಪೇಪರಿನಲ್ಲಿ 75 ಪರ್ಸೆಂಟ್ ಬೇಕು. 60 ಗಂಟೆಯ ಪೇಪರ್ ಅಂದರೆ 45 ಗಂಟೆ ಇರಲೇಬೇಕು. ತಪ್ಪಿಸಿಕೊಳ್ಳಬಹುದಾದದ್ದು 15 ಮಾತ್ರ. ಆ ಪೇಪರ್ ವಾರದಲ್ಲಿ ಎರಡು ದಿನ ಮೊದಲ ಅವರ್‌ಗೆ ಬಿದ್ದು, ಬಸ್ ತಡವಾಗಿ ಅದು ತಪ್ಪುತ್ತಾ ಹೋದರೆ ಎಂಟನೇ ವಾರಕ್ಕೆ 16 ಗಂಟೆ ಹೋಯಿತು. ಜ್ವರ ಇಲ್ಲ, ಮದುವೆ ಇಲ್ಲ, ಊರಹಬ್ಬ ಇಲ್ಲ, ಆಗಲೇ ಶಾರ್ಟೇಜ್. ಇದನ್ನು ಮೆಂಟರ್‌ಗೆ ಮೂರನೇ ವಾರದಲ್ಲಿ ಹೇಳಿದರೆ ದಾರಿ ಹುಡುಕಬಹುದು. ಹಾಲ್ ಟಿಕೆಟ್ ಕೊಡುವ ದಿನ ಹೇಳಿದರೆ ಯಾರ ಕೈಯಲ್ಲೂ ಏನೂ ಆಗುವುದಿಲ್ಲ.

ಫಾದರ್, ಸಿಸ್ಟರ್ ಇರುವ ಕಾಲೇಜು

ಮೈಸೂರಿಗೆ ಕ್ರೈಸ್ತ ಕಾಲೇಜು ಹೊಸದಲ್ಲ. ಸಂತ ಫಿಲೋಮಿನಾ ಕಾಲೇಜು ಶುರುವಾಗಿದ್ದು 1946ರಲ್ಲಿ, ತೆರೇಸಿಯನ್ ಕಾಲೇಜು 1963ರಲ್ಲಿ. ಬೆಂಗಳೂರಿಗೆ ಹೋದರೆ ವಿಶ್ವವಿದ್ಯಾಲಯಗಳೇ ಇವೆ. 1969ರಲ್ಲಿ ಕಾಲೇಜಾಗಿ ಹುಟ್ಟಿದ ಕ್ರೈಸ್ಟ್ 2008ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯ ಆಯಿತು. 1882ರ ಸೇಂಟ್ ಜೋಸೆಫ್ಸ್ 2022ರಲ್ಲಿ ವಿಶ್ವವಿದ್ಯಾಲಯ ಆಯಿತು. ನಮ್ಮ ಕಡೆಯ ಮಕ್ಕಳು ಅಲ್ಲಿಗೂ ಹೋಗುತ್ತಾರೆ.

ಅಡ್ಮಿಶನ್ ಹೊತ್ತಿನಲ್ಲಿ ಅಪ್ಪ ಅಮ್ಮ ಮೆಲ್ಲಗೆ ಕೇಳುವ ಪ್ರಶ್ನೆ ಒಂದಿದೆ: "ನಮ್ ಮಗಳು ಪ್ರಾರ್ಥನೆಗೆ ಹೋಗಲೇಬೇಕಾ ಮೇಡಂ?" ಕೇಳುವುದರಲ್ಲಿ ತಪ್ಪಿಲ್ಲ. ಸಂವಿಧಾನದ 30ನೇ ವಿಧಿ ಅಲ್ಪಸಂಖ್ಯಾತರಿಗೆ ತಮ್ಮ ವಿದ್ಯಾಸಂಸ್ಥೆ ಕಟ್ಟಿ ನಡೆಸುವ ಹಕ್ಕು ಕೊಟ್ಟಿದೆ. 28ನೇ ವಿಧಿಯ ಮೂರನೇ ಭಾಗ ವಿದ್ಯಾರ್ಥಿಗೂ ರಕ್ಷಣೆ ಕೊಟ್ಟಿದೆ. ಸರ್ಕಾರದ ಮಾನ್ಯತೆಯೋ ಅನುದಾನವೋ ಇರುವ ಸಂಸ್ಥೆಯಲ್ಲಿ ವಿದ್ಯಾರ್ಥಿಯ ಒಪ್ಪಿಗೆ ಇಲ್ಲದೆ ಧಾರ್ಮಿಕ ಬೋಧನೆಗೋ ಪೂಜೆ ಪ್ರಾರ್ಥನೆಗೋ ಕೂರಿಸುವಂತಿಲ್ಲ. 18 ತುಂಬಿಲ್ಲದಿದ್ದರೆ ಪೋಷಕರ ಒಪ್ಪಿಗೆ ಬೇಕು. ಮೌಲ್ಯ ಶಿಕ್ಷಣದ ಕ್ಲಾಸ್ ಬೇರೆ. ಪ್ರಾಮಾಣಿಕತೆ, ಸಿಟ್ಟು, ಸ್ನೇಹ, ದುಡ್ಡು, ಮೊಬೈಲ್, ಇಂಥ ವಿಷಯ ಅಲ್ಲಿ ಮಾತಾಡುತ್ತಾರೆ.

ಇಂಥ ಕಾಲೇಜಿನಲ್ಲಿ ಓದಿನ ನೆರವಿಗೆ ಒಂದು ಅನುಕೂಲ ಇದೆ, ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಎಷ್ಟೋ ಕಡೆ ಫಾದರ್, ಸಿಸ್ಟರ್‌ಗಳು ಕ್ಯಾಂಪಸ್ಸಿನಲ್ಲೇ ಇರುತ್ತಾರೆ. ನಾವು ನಾಲ್ಕೂವರೆಗೆ ಸ್ಕೂಟರ್ ಹತ್ತಿ ಮನೆಗೆ ಹೋದ ಮೇಲೂ ಹಾಸ್ಟೆಲ್ಲಿನಲ್ಲಿ ಒಬ್ಬ ದೊಡ್ಡವರು ಇರುತ್ತಾರೆ. ರಾತ್ರಿ ಸ್ಟಡಿ ಅವರ್‌ನಲ್ಲಿ ಯಾವ ಹುಡುಗಿ ಪುಸ್ತಕ ತೆರೆದು ಗೋಡೆ ನೋಡುತ್ತಿದ್ದಾಳೆ ಅನ್ನುವುದು ವಾರ್ಡನ್ ಸಿಸ್ಟರ್‌ಗೆ ನನಗಿಂತ ಮೊದಲು ಗೊತ್ತಾಗುತ್ತದೆ. ಜೆಸ್ವಿಟ್ ಅನ್ನುವ ಕ್ಯಾಥೊಲಿಕ್ ಪಾದ್ರಿಗಳ ಸಂಘದ ಸಂಪ್ರದಾಯದಲ್ಲಿ 'ಕ್ಯೂರಾ ಪರ್ಸೊನಾಲಿಸ್' ಅನ್ನುವ ಲ್ಯಾಟಿನ್ ಮಾತಿದೆ. ಮಗುವಿನ ಮಾರ್ಕ್ಸ್ ಒಂದನ್ನೇ ನೋಡದೆ ಇಡೀ ಮನುಷ್ಯನ ಕಾಳಜಿ ಮಾಡುವುದು ಅಂತ ಅರ್ಥ. ಎಲ್ಲ ಕಡೆ ಇದು ನಡೆಯುತ್ತದೆ ಅಂತ ನಾನು ಹೇಳುವುದಿಲ್ಲ. ನಡೆದ ಕಡೆ ಮಕ್ಕಳು ಉಳಿದುಕೊಳ್ಳುತ್ತಾರೆ.

ಮೆಂಟರ್ ಹತ್ತಿರ ಹೋಗಿ ಏನು ಹೇಳುವುದು

"ಏನೂ ಅರ್ಥ ಆಗ್ತಿಲ್ಲ" ಅಂತ ಬಂದರೆ ಮೆಂಟರ್‌ಗೂ ದಾರಿ ಕಾಣುವುದಿಲ್ಲ. ಪುಸ್ತಕ ತಗೊಂಡು ಹೋಗಿ. "ಈ ಪುಟದ ಈ ಸಾಲಿನವರೆಗೆ ಬಂತು, ಇಲ್ಲಿಂದ ಗೊತ್ತಾಗಲಿಲ್ಲ" ಅಂತ ಬೆರಳಿಟ್ಟು ತೋರಿಸಿ. ಹತ್ತು ನಿಮಿಷದಲ್ಲಿ ಕೆಲಸ ಆಗುತ್ತದೆ. ಬ್ಲೂ ಬುಕ್ ಕೊಟ್ಟಾಗ ಮಾರ್ಕ್ಸ್ ನೋಡಿ ಮಡಚಬೇಡಿ. ಎಲ್ಲಿ ಮಾರ್ಕ್ಸ್ ಕಳೆದಿದ್ದಾರೆ ನೋಡಿ. ನಮ್ಮ ಹುಡುಗಿಯ 20ಕ್ಕೆ 5ರಲ್ಲಿ ಎರಡು ಉತ್ತರ ಸರಿಯಾಗಿಯೇ ಇತ್ತು, ಆದರೆ ಚಿತ್ರ ಹಾಕಿರಲಿಲ್ಲ. ಬೇಡಿಕೆ ರೇಖೆ ಹಾಕದೆ ಆ ಪ್ರಶ್ನೆಗೆ ಪೂರ್ತಿ ಮಾರ್ಕ್ಸ್ ಬರುವುದಿಲ್ಲ ಅಂತ ಅವಳಿಗೆ ಯಾರೂ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ.

ಕೆಲವು ಸಲ ತೊಂದರೆ ಓದಿನದ್ದೇ ಆಗಿರುವುದಿಲ್ಲ. ಫೀಸ್ ಕಟ್ಟಿಲ್ಲ ಅಂತ ಕ್ಲಾಸಿಗೆ ಬರಲು ಮುಜುಗರ ಪಡುವ ಮಕ್ಕಳಿದ್ದಾರೆ. ಸ್ಕಾಲರ್‌ಶಿಪ್ ಅರ್ಜಿಯನ್ನು ರಾಜ್ಯ ಸರ್ಕಾರದ ವಿದ್ಯಾರ್ಥಿವೇತನ ಜಾಲತಾಣವಾದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಹಾಕಬೇಕು, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರಬೇಕು. ಎಷ್ಟೋ ಜನರ ದುಡ್ಡು ನಿಲ್ಲುವುದು ಇದೊಂದರಿಂದಲೇ. ಆಫೀಸಿನಲ್ಲಿ ಕೇಳಿದರೆ ಹೇಳುತ್ತಾರೆ. ನಿದ್ದೆ ಬರುವುದಿಲ್ಲ, ಅಳು ಬರುತ್ತದೆ, ಬದುಕೇ ಬೇಡ ಅನ್ನಿಸುತ್ತದೆ ಅಂದರೆ ಕಾಯಬೇಡಿ. ಕಾಲೇಜಿನ ಕೌನ್ಸೆಲರ್ ಇದ್ದಾರೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ಇರುತ್ತದೆ, ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು. ರ‍್ಯಾಗಿಂಗ್ ಆದರೆ 1800-180-5522.

ಅಪ್ಪ ಅಮ್ಮಂದಿರಿಗೆ ನನ್ನದೊಂದು ಕೋರಿಕೆ. ಮನೆಗೆ ಬಂದ ಮಗುವನ್ನು ಮಾರ್ಕ್ಸ್ ಎಷ್ಟು ಅಂತ ಕೇಳುವ ಮೊದಲು, ನಿನ್ನ ಮೆಂಟರ್ ಯಾರು, ಯಾವ ರೂಮಿನಲ್ಲಿ ಕೂರುತ್ತಾರೆ ಅಂತ ಕೇಳಿ. ಗೊತ್ತಿಲ್ಲ ಅಂದರೆ ಪೇರೆಂಟ್ಸ್ ಮೀಟಿಂಗಿಗೆ ಬಂದು ನೀವೇ ತಿಳಿದುಕೊಳ್ಳಿ. ಹೋದ ವರ್ಷ ಪಾಂಡವಪುರದ ಕಡೆಯ ಒಬ್ಬ ಅಪ್ಪ ಆಲೆಮನೆ ಕೆಲಸ ಬಿಟ್ಟು ಬಂದಿದ್ದರು. ಮಗನ ಮೂರು ಪೇಪರ್ ಬ್ಯಾಕ್ ಉಳಿದಿದ್ದವು. ಬೈಯಲಿಲ್ಲ. "ಇವ್ನು ಯಾವಾಗ ಬಂದು ನಿಮ್ಮನ್ನ ಕೇಳ್ಬೋದು ಮೇಡಂ?" ಅಂದರು. ಸೋಮವಾರ, ಬುಧವಾರ ಎರಡು ಗಂಟೆಗೆ ಅಂದೆ. ಜೇಬಿನಿಂದ ಬೆಲ್ಲದ ಲೆಕ್ಕ ಬರೆಯುವ ಪುಟ್ಟ ಪುಸ್ತಕ ತೆಗೆದು, ಅಚ್ಚಿನ ಲೆಕ್ಕದ ಕೆಳಗೆ ನನ್ನ ರೂಮ್ ನಂಬರ್ ಬರೆದುಕೊಂಡರು. ಸೋಮವಾರ ಎರಡಕ್ಕೆ ಐದು ನಿಮಿಷ ಇರುವಾಗಲೇ ಹುಡುಗ ಬಾಗಿಲ ಹತ್ತಿರ ನಿಂತಿದ್ದ. ಕೈಯಲ್ಲಿ ಸ್ಟ್ಯಾಟಿಸ್ಟಿಕ್ಸ್ ಪುಸ್ತಕ, ಒಂದು ಪುಟದ ನಡುವೆ ಬೆರಳು ಸಿಕ್ಕಿಸಿಕೊಂಡು.